ಬಾಕಿ ಉಳಿದ ಆಟಿ

"ಕುಡಿಯುತ್ತಾನಾ? ಹೊಡೆಯುತ್ತಾನಾ?" ನಮ್ಮ ಕಡೆಯಲ್ಲಿ ಅಳಿಯನ ಬಗ್ಗೆ ಕೇಳುತ್ತಿದ್ದದ್ದು ಈ ಎರಡೇ ಪ್ರಶ್ನೆ. ಎರಡಕ್ಕೂ ಇಲ್ಲ ಎಂಬ ಉತ್ತರ ಬಂದರೆ ಮುಗಿಯಿತು, ಆತ ದೇವರಂಥ ಮನುಷ್ಯ. ನನ್ನ ಭಾವ ಕುಡಿಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಬೀಡಿ ಸೇದುತ್ತಿರಲಿಲ್ಲ, ಕೋಳಿ ಅಂಕದ ಕಡೆ ತಲೆ ಹಾಕುತ್ತಿರಲಿಲ್ಲ. ಕಾರ್ಕಳದಲ್ಲಿ ಹೈಸ್ಕೂಲು ಮಾಸ್ತರರಾಗಿದ್ದರು. ಇಷ್ಟೆಲ್ಲ ಇಲ್ಲಗಳನ್ನು ಒಟ್ಟು ಮಾಡಿ ನಮ್ಮವರು ಒಬ್ಬ ಒಳ್ಳೆಯ ಗಂಡನನ್ನು ತಯಾರಿಸಿಕೊಂಡಿದ್ದರು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಅದನ್ನೇ ನಂಬಿಕೊಂಡೂ ಇದ್ದರು. ಇಂದಿಗೂ ನೆನಪಾದರೆ ನನಗೆ ಮೈ ಉರಿಯುತ್ತದೆ. ಇಷ್ಟು ಉರಿದರೂ ಆ ಮನುಷ್ಯನಿಗೆ ಬಹುವಚನ ಹಾಕುವ ಅಭ್ಯಾಸ ಮಾತ್ರ ಹೋಗಲಿಲ್ಲ ನೋಡಿ.

ನಮ್ಮ ಮನೆ ಕಾಪುವಿನಲ್ಲಿ, ಹೆದ್ದಾರಿಯಿಂದ ಕಡಲಿನ ಕಡೆಗೆ. ಅಮ್ಮ ಬುಟ್ಟಿಯಲ್ಲಿ ಮೀನು ಹೊತ್ತು ಬಸ್ಸಿನಲ್ಲಿ ಕಾರ್ಕಳದವರೆಗೂ ಹೋಗಿ ಮಾರಿ ಬರುತ್ತಿದ್ದಳು. ಅಪ್ಪ ಬೇಗ ತೀರಿಕೊಂಡಿದ್ದರು. ಅಪ್ಪ ಇದ್ದಿದ್ದರೂ ಮನೆಯ ಯಜಮಾನಿಕೆ ಅಮ್ಮನ ಅಣ್ಣನದೇ ಆಗಿರುತ್ತಿತ್ತು. ನಮ್ಮದು ಅಳಿಯಕಟ್ಟು. ಎಂದರೆ ಮನೆ ನಡೆಯುವುದು ಹೆಂಗಸರ ಕಡೆಯಿಂದ. ಮಕ್ಕಳು ತಾಯಿಯ ಬಳಿಗೆ ಸೇರಿದವರು. ಮದುವೆಯಾಗಿ ಹೋದ ಹೆಣ್ಣಿಗೂ ಹುಟ್ಟಿದ ಮನೆಯಲ್ಲಿ ಸಾಯುವ ತನಕ ಜಾಗ ಉಂಟು. ಗಂಡನ ಜೊತೆ ಸರಿಬಾರದಿದ್ದರೆ ಮಕ್ಕಳ ಕೈ ಹಿಡಿದುಕೊಂಡು ವಾಪಸು ಬರಬಹುದು, ಏಕೆ ಬಂದೆ ಎಂದು ಯಾರೂ ಕೇಳುವುದಿಲ್ಲ. ಹಾಗೆ ಬಂದು ಕುಳಿತ ಇಬ್ಬರು ದೊಡ್ಡಮ್ಮಂದಿರನ್ನು ನಾನೇ ನೋಡಿದ್ದೇನೆ. ಈ ವಿಷಯದಲ್ಲಿ ನಮ್ಮವರಿಗೆ ಭಾರೀ ಜಂಬ. "ಬೇರೆಯವರ ಹಾಗಲ್ಲ ನಮ್ಮದು. ನಮ್ಮ ಹೆಣ್ಣುಮಕ್ಕಳಿಗೆ ಬಾಗಿಲು ಯಾವತ್ತೂ ತೆರೆದೇ ಉಂಟು" ಎಂದು ಮಾವ ಎದೆ ಉಬ್ಬಿಸಿ ಹೇಳುತ್ತಿದ್ದರು. ಮಾತು ಸುಳ್ಳಲ್ಲ. ಆದರೆ ಅದೇ ಮಾತಿಗೆ ಅವರು ಇನ್ನೊಂದನ್ನು ತಮ್ಮಷ್ಟಕ್ಕೆ ಸೇರಿಸಿಕೊಂಡಿದ್ದರು. ಬಾಗಿಲು ತೆರೆದಿದ್ದೂ ಹುಡುಗಿ ಬರಲಿಲ್ಲ ಎಂದರೆ ಅವಳು ಸುಖವಾಗಿದ್ದಾಳೆ ಎಂದರ್ಥ. ನಮ್ಮ ಮನೆಯ ತಪ್ಪು ಶುರುವಾದದ್ದು ಅಲ್ಲಿಂದ.

ಅಕ್ಕನಿಗೆ ಮದುವೆಯಾದದ್ದು ಎಪ್ಪತ್ತರ ದಶಕದ ನಡುವಿನಲ್ಲಿ. ನನಗಿಂತ ಆರೇಳು ವರ್ಷ ದೊಡ್ಡವಳು. ಎಸ್ಸೆಸ್ಸೆಲ್ಸಿ ಮುಗಿಸಿದ್ದಳು. ಅವಳ ಸ್ವರ ದೊಡ್ಡದು, ನಗು ಅದಕ್ಕಿಂತ ದೊಡ್ಡದು, ಜಗಳ ಎಲ್ಲಕ್ಕಿಂತ ದೊಡ್ಡದು. ಬಲೆ ಎಳೆಯುವ ದಿನ ದಡದಲ್ಲಿ ಯಾರಾದರೂ ಅಮ್ಮನ ಪಾಲಿನ ಬಂಗುಡೆಗೆ ಕೈ ಹಾಕಿದರೆ ಅಕ್ಕ ಬಾಯಿ ತೆರೆಯುತ್ತಿದ್ದಳು, ಅಷ್ಟೇ ಸಾಕಾಗುತ್ತಿತ್ತು. ಗಂಡು ಹೆಜಮಾಡಿಯ ಕಡೆಯವರು, ನಮ್ಮವರೇ. ಕಲಿತು ಮಾಸ್ತರರಾದವರು ನಮ್ಮಲ್ಲಿ ಆಗ ಅಪರೂಪ. ಅವರು ಮೀನು ತಿನ್ನುವುದನ್ನೂ ಬಿಟ್ಟಿದ್ದಾರೆ ಎಂದು ತಿಳಿದಾಗ ನಮ್ಮ ಕೇರಿಯ ಹೆಂಗಸರು ಒಂದು ಗಳಿಗೆ ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಆಮೇಲೆ ಅದನ್ನೂ ಅವರ ದೊಡ್ಡ ಗುಣಗಳ ಲೆಕ್ಕಕ್ಕೆ ಸೇರಿಸಿದರು.

ಮದುವೆಯಾದ ವರ್ಷ, ಆಷಾಢದ ಸುಮಾರಿಗೆ ಬರುವ ಆಟಿ ತಿಂಗಳಿಗೆ ಮದುಮಗಳು ತಾಯಿಯ ಮನೆಗೆ ಬಂದು ಕುಳಿತುಕೊಳ್ಳುವುದು ತುಳುವರಲ್ಲಿ ಎಲ್ಲರಿಗೂ ಗೊತ್ತಿದ್ದ ಕ್ರಮ. ಹೊರಗೆ ಕುಂಭದ್ರೋಣ ಮಳೆ, ದೋಣಿಗಳೆಲ್ಲ ದಡದ ಮೇಲೆ. ಹೊಸ ಹುಡುಗಿ ತಿಂಗಳಿಡೀ ಅಮ್ಮನ ಕೈಯ ಪತ್ರೊಡೆ ತಿಂದು, ಮಲಗಿ, ಗೆಳತಿಯರ ಹತ್ತಿರ ಗುಟ್ಟು ಹೇಳಿ, ಮರುತಿಂಗಳು ಸೋಣ ಬಂದ ಮೇಲೆ ಗಂಡನ ಮನೆಗೆ ಹೋಗುತ್ತಾಳೆ. ಈಗ ಅನಿಸುತ್ತದೆ, ಹಳಬರು ಈ ಕ್ರಮ ಮಾಡಿದ್ದು ಪತ್ರೊಡೆ ತಿನ್ನಿಸುವುದಕ್ಕೆ ಮಾತ್ರ ಆಗಿರಲಾರದು. ಹೊಸ ಮನೆ ಹೇಗಿದೆ ಎಂದು ಹುಡುಗಿಯ ಬಾಯಿಂದ ನಿಧಾನವಾಗಿ ಕೇಳಿ ತಿಳಿದುಕೊಳ್ಳಲು ಒಂದು ತಿಂಗಳಾದರೂ ಬೇಕು.

ಭಾವ ಅಕ್ಕನನ್ನು ಬೆಳಗಿನ ಬಸ್ಸಿಗೆ ಕರೆದುಕೊಂಡು ಬಂದರು. ಚಾವಡಿಯಲ್ಲಿ ಕುಳಿತರು. ಊಟ ಮಾಡಿದರು. ಸಂಜೆ ಎದ್ದು ಕೊಡೆ ಬಿಡಿಸಿ, "ಹೊರಡೋಣ" ಎಂದರು. ಅಕ್ಕ ಎದ್ದಳು. ಕೇರಿಗೆ ಕೇರಿಯೇ ನಕ್ಕಿತು. "ಒಂದು ತಿಂಗಳು ಬಿಡು ಮಾರಾಯ್ತಿ, ಒಂದು ರಾತ್ರಿ ಬಿಟ್ಟಿರಲಿಕ್ಕೆ ಆಗುವುದಿಲ್ಲ ಅಂತೆ ಮಾಸ್ಟ್ರಿಗೆ!" ಎಂದು ಹೆಂಗಸರು ಅಕ್ಕನ ಕೆನ್ನೆ ಹಿಂಡಿದರು. ಅಮ್ಮ ನಾಚಿಕೊಂಡು ಸಂತೋಷಪಟ್ಟಳು. ಮಗಳ ಮೇಲೆ ಅಳಿಯನಿಗೆ ಇಷ್ಟು ಪ್ರೀತಿ ಎಂದರೆ ಯಾವ ತಾಯಿಗೆ ಬೇಡ? ಅವಳು ಬರುತ್ತಾಳೆಂದು ಒಗೆದು ಒಣಗಿಸಿಟ್ಟ ಚಾಪೆ, ಹೊದಿಕೆ ಹಾಗೆಯೇ ಪೆಟ್ಟಿಗೆಗೆ ಹೋದವು.

ಆಮೇಲೆ ಅದೇ ಕ್ರಮವಾಯಿತು. ಬಂದರೆ ಇಬ್ಬರೂ ಒಟ್ಟಿಗೆ, ಹೋಗುವುದು ಅದೇ ಸಂಜೆ. ಇನ್ನೊಂದು ಸಂಗತಿ. ನಮ್ಮ ಮನೆಯ ಮಾತು ತುಳು. ಭಾವನ ತಾಯಿಮಾತೂ ತುಳುವೇ. ಆದರೆ ಮಾಸ್ತರರ ಮನೆಯಲ್ಲಿ ಕನ್ನಡವೇ ಆಗಬೇಕು, ಹುಟ್ಟುವ ಮಕ್ಕಳಿಗೆ ಒಳ್ಳೆಯದು ಎಂದು ಅವರು ಅಕ್ಕನಿಗೆ ಕಟ್ಟುನಿಟ್ಟು ಮಾಡಿದ್ದರು. ಆ ಕಟ್ಟುನಿಟ್ಟು ನಮ್ಮ ಚಾವಡಿಗೂ ಬಂತು. ಅವರ ಎದುರಿಗೆ ಅಕ್ಕ ಅಮ್ಮನ ಹತ್ತಿರವೂ ಕನ್ನಡದಲ್ಲಿ, "ಆರೋಗ್ಯವಾಗಿದ್ದೀರಾ ಅಮ್ಮ?" ಎನ್ನುತ್ತಿದ್ದಳು. ಅಮ್ಮನಿಗೆ ಬರುತ್ತಿದ್ದ ಕನ್ನಡವೆಂದರೆ ಕಾರ್ಕಳದ ಪೇಟೆಯಲ್ಲಿ ಮೀನಿಗೆ ರೇಟು ಹೇಳುವಷ್ಟು. ಅವಳು ಸೆರಗು ಸರಿಮಾಡಿಕೊಂಡು, ಬ್ಯಾಂಕಿನ ಮ್ಯಾನೇಜರರ ಹತ್ತಿರ ಮಾತಾಡುವ ಹಾಗೆ, "ಉಂಟು, ಉಂಟು, ಆರಾಮ ಉಂಟು" ಎನ್ನುತ್ತಿದ್ದಳು. ಅಲ್ಲಿಗೆ ತಾಯಿ ಮಗಳ ಮಾತು ಮುಗಿಯುತ್ತಿತ್ತು. ಅವರು ಹೋದ ಮೇಲೆ ಅಕ್ಕಪಕ್ಕದವರ ಹತ್ತಿರ, "ನಮ್ಮ ಹುಡುಗಿ ಈಗ ರೇಡಿಯೊದಲ್ಲಿ ಬರುವ ಹಾಗೆ ಮಾತಾಡುತ್ತಾಳೆ" ಎಂದು ಅಮ್ಮನೇ ಹೊಗಳಿಕೊಳ್ಳುವುದು ಬೇರೆ!

ಅಮ್ಮ ಕಾರ್ಕಳದಲ್ಲಿ ಮೀನು ಮಾರುವಾಗ ಅಕ್ಕನ ರಸ್ತೆಗೂ ಹೋಗುತ್ತಿದ್ದಳು. ಒಂದೆರಡು ತಿಂಗಳಾದ ಮೇಲೆ ಭಾವ ಬಹಳ ವಿನಯದಿಂದ, "ಅತ್ತೆ, ನನ್ನ ವಿದ್ಯಾರ್ಥಿಗಳ ಮನೆಗಳು ಇರುವ ರಸ್ತೆ ಅದು. ಬುಟ್ಟಿ ಹೊತ್ತುಕೊಂಡು ಆ ಕಡೆ ಬರುವುದು ಬೇಡ" ಎಂದರು. ಅಮ್ಮ ಅದಕ್ಕೂ ತಲೆ ಅಲ್ಲಾಡಿಸಿದಳು. ಅಳಿಯನ ಮರ್ಯಾದೆ ನೋಡಬೇಕಲ್ಲ. ಅಂದಿನಿಂದ ಅವಳು ಸುತ್ತು ಬಳಸಿ ಇನ್ನೊಂದು ರಸ್ತೆಯಲ್ಲಿ ಹೋಗತೊಡಗಿದಳು.

ಎಂಬತ್ತರ ಸುಮಾರಿಗೆ ನನಗೆ ಮಣಿಪಾಲದ ಒಂದು ಆಫೀಸಿನಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತು. ಉಡುಪಿಯಲ್ಲಿ ಇನ್ನಿಬ್ಬರು ಹುಡುಗಿಯರ ಜೊತೆ ಒಂದು ಕೋಣೆ ಹಿಡಿದೆ. ಕಾರ್ಕಳದ ಬಸ್ಸು ನಮ್ಮ ಆಫೀಸಿನ ಎದುರಿಗೇ ಹೋಗುತ್ತಿತ್ತು. ಹಾಗಾಗಿ ಆಗಾಗ ಭಾನುವಾರ ಅಕ್ಕನ ಮನೆಗೆ ಹೋಗಿ ಬರುವುದು ಸುಲಭವಾಯಿತು. ಹೋದಾಗಲೆಲ್ಲ ತಲೆ ಕೆಡಿಸಿಕೊಂಡು ಬರುತ್ತಿದ್ದೆ, ಏಕೆಂದು ಮಾತ್ರ ಹೇಳಲು ಬರುತ್ತಿರಲಿಲ್ಲ. ಹೇಳಲು ಹೊರಟರೆ ಎಲ್ಲವೂ ಸಣ್ಣ ಸಣ್ಣ ಸಂಗತಿ. ನಾನು ಅಕ್ಕನನ್ನು ಏನಾದರೂ ಕೇಳಿದರೆ ಉತ್ತರ ಭಾವನಿಂದ ಬರುತ್ತಿತ್ತು. ಅವಳು ಉಡುವ ಸೀರೆಯನ್ನು ಬೆಳಿಗ್ಗೆ ಅವರೇ ತೆಗೆದಿಡುತ್ತಿದ್ದರು. ಹಿಟ್ಟಿನ ಗಿರಣಿಗೆ ಹೋಗಿ ಬರಲು ಎಷ್ಟು ಹೊತ್ತು ಬೇಕೆಂಬುದು ಅವರಿಗೆ ಗೊತ್ತಿತ್ತು, ಅದಕ್ಕಿಂತ ತಡವಾದರೆ ಗೇಟಿನ ಹತ್ತಿರ ನಿಂತಿರುತ್ತಿದ್ದರು. ಬೈಯುತ್ತಿರಲಿಲ್ಲ. ಎರಡು ದಿನ ಅವಳ ಹತ್ತಿರ ಮಾತಾಡುತ್ತಿರಲಿಲ್ಲ, ಅವಳು ಬಡಿಸಿದ್ದನ್ನು ತಿನ್ನುತ್ತಿರಲಿಲ್ಲ, ಅವಳು ಅತ್ತು ಕ್ಷಮೆ ಕೇಳುವ ತನಕ. ನಾನು ಏನೋ ತಮಾಷೆ ಹೇಳಿದಾಗ ಅಕ್ಕ ಒಮ್ಮೆ ಹಳೆಯ ಹಾಗೆ ನಕ್ಕುಬಿಟ್ಟಳು. ಭಾವ ಪೇಪರಿನಿಂದ ತಲೆ ಎತ್ತಿ ಸುಮ್ಮನೆ ನೋಡಿದರು. ನಗು ಅಲ್ಲಿಗೇ ನಿಂತಿತು. ಇದರಲ್ಲಿ ಯಾವುದನ್ನು ಹಿಡಿದುಕೊಂಡು ಹೋಗಿ ದೂರು ಹೇಳುವುದು? "ಅವಳ ಸೀರೆ ಗಂಡನೇ ಆರಿಸುತ್ತಾನೆ" ಎಂದರೆ ನನ್ನ ಕೋಣೆಯ ಹುಡುಗಿಯರೇ, "ನಮಗೂ ಅಂಥವನು ಸಿಗಲಿ" ಎಂದರು.

ಅಕ್ಕನಿಗೆ ತಲೆನೋವು ಶುರುವಾಗಿತ್ತು. ಅಕ್ಕಿಯಲ್ಲಿ ಕಲ್ಲು ಕಾಣುತ್ತಿರಲಿಲ್ಲ. ನಾನು ಹಟ ಹಿಡಿದು ಮಣಿಪಾಲದ ಆಸ್ಪತ್ರೆಯಲ್ಲಿ ಕಣ್ಣು ತೋರಿಸೋಣ ಎಂದೆ. ಭಾವನೂ ಬಂದರು, ಬರದೆ ಇರುತ್ತಾರೆಯೇ? ಡಾಕ್ಟರು ಗೋಡೆಯ ಮೇಲಿನ ಅಕ್ಷರಗಳನ್ನು ತೋರಿಸಿ, "ಮೇಲಿನ ಸಾಲು ಕಾಣುತ್ತದೆಯೇ ನೋಡಿ" ಎಂದರು. ಅಕ್ಕ ಗೋಡೆಯ ಕಡೆ ನೋಡುವ ಬದಲು ತಿರುಗಿ ಗಂಡನ ಮುಖ ನೋಡಿದಳು. ಕಾಣುತ್ತದೆ ಎನ್ನಬೇಕೋ ಕಾಣುವುದಿಲ್ಲ ಎನ್ನಬೇಕೋ ಎಂದು! ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ. ತನ್ನ ಕಣ್ಣಿಗೆ ಏನು ಕಾಣುತ್ತದೆ ಎಂದು ಹೇಳಲೂ ಇವಳಿಗೆ ಅಪ್ಪಣೆ ಬೇಕಾಗಿದೆ.

ಕನ್ನಡಕ ಬಂತು. ಮುಂದಿನ ಸಲ ಹೋದಾಗ ಅಕ್ಕನ ಮುಖದಲ್ಲಿ ಅದು ಇರಲಿಲ್ಲ. ಕೇಳಿದೆ. "ಅವರ ಹತ್ತಿರ ಇದೆ" ಎಂದಳು. ಸ್ವಲ್ಪ ಹೊತ್ತಿನಲ್ಲಿ ಅಕ್ಕನ ಒಬ್ಬಳೇ ಮಗಳು, ಆಗಿನ್ನೂ ಎರಡನೇ ಕ್ಲಾಸು, ಸೂಜಿಗೆ ನೂಲು ಪೋಣಿಸಿ ಕೊಡು ಎಂದು ತಾಯಿಯ ಹತ್ತಿರ ಬಂದಳು. ಭಾವ ಅಂಗಿಯ ಜೇಬಿನಿಂದ ಕನ್ನಡಕ ತೆಗೆದು ಅಕ್ಕನಿಗೆ ಕೊಟ್ಟರು. ಅವಳು ನೂಲು ಪೋಣಿಸಿದಳು. ಭಾವ ಕೈ ಚಾಚಿದರು. ಅವಳು ಕನ್ನಡಕ ತೆಗೆದು ಆ ಕೈಯಲ್ಲಿ ಇಟ್ಟಳು. "ಎಲ್ಲೆಂದರಲ್ಲಿ ಇಟ್ಟು ಒಡೆದು ಹಾಕುತ್ತಾಳೆ" ಎಂದು ನನಗೆ ವಿವರಣೆ ಬಂತು. ಸ್ವರದಲ್ಲಿ ಸಿಟ್ಟಿಲ್ಲ, ಒರಟುತನವಿಲ್ಲ. ಒಂದು ಏಟು ಹೊಡೆದಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ. ನನಗೆ ಗೊತ್ತಾದದ್ದು ಆವತ್ತು. ಇದು ಪ್ರೀತಿ ಅಲ್ಲ, ಕಾಳಜಿ ಅಲ್ಲ, ಮಾಸ್ತರಿಕೆಯ ಶಿಸ್ತೂ ಅಲ್ಲ. ನನ್ನ ಅಕ್ಕ ಆ ಮನೆಯಲ್ಲಿ ಕೈದಿಯಾಗಿದ್ದಾಳೆ, ಮತ್ತು ಅವಳನ್ನು ಹೊರಗೆ ತರದಿದ್ದರೆ ಸ್ವಲ್ಪ ದಿನದಲ್ಲಿ ತರಲು ಅಲ್ಲಿ ಅಕ್ಕ ಎಂಬವಳೇ ಉಳಿದಿರುವುದಿಲ್ಲ.

ಅಲ್ಲಿಂದ ನೇರ ಕಾಪುವಿಗೆ ಹೋದೆ. ಮಾವ ಬಲೆ ಸರಿಮಾಡುತ್ತ ಕುಳಿತಿದ್ದರು, ಅಮ್ಮ ಒಣಮೀನು ಆರಿಸುತ್ತಿದ್ದಳು. ಎಲ್ಲ ಹೇಳಿದೆ.

"ಹೊಡೆದನಾ?" ಎಂದರು ಮಾವ.

"ಇಲ್ಲ ಮಾವ."

"ಮತ್ತೆ ಎಂತ? ಕನ್ನಡಕ ಜೋಪಾನ ಮಾಡಿ ಇಟ್ಟದ್ದು ತಪ್ಪಾ?"

"ಅವಳ ಕಣ್ಣಿನ ಕನ್ನಡಕ ಅವರ ಜೇಬಲ್ಲಿ ಎಂತಕ್ಕೆ?"

"ನಿನ್ನದು ದೊಡ್ಡದಾಯಿತು. ನಾಲ್ಕು ಅಕ್ಷರ ಟೈಪು ಮಾಡಿದ ಕೂಡಲೇ ಎಲ್ಲರಲ್ಲೂ ತಪ್ಪು ಕಾಣುವುದಾ? ಅವಳಿಗೆ ಕಷ್ಟ ಇದ್ದರೆ ಬರಲಿ. ಬರಬೇಡ ಎಂದು ಹೇಳಿದವರು ಯಾರು? ಬಾಗಿಲು ತೆರೆದು ಉಂಟಲ್ಲ."

ಆ ಬಾಗಿಲನ್ನು ಕಿತ್ತು ಒಲೆಗೆ ಹಾಕಬೇಕು ಎನಿಸಿತು ನನಗೆ. ಕೊನೆಗೆ ನನ್ನ ಕಾಟ ತಡೆಯಲಾರದೆ ಮಾವ ಒಂದು ದಿನ ಕಾರ್ಕಳಕ್ಕೆ ಹೋಗಿ ಬಂದರು. ಬಂದವರ ಮುಖ ಅರಳಿತ್ತು. ಭಾವ ಬಸ್ ಸ್ಟ್ಯಾಂಡಿನವರೆಗೆ ಬಂದು ಕರೆದುಕೊಂಡು ಹೋದರಂತೆ, ಪಾಯಸ ಮಾಡಿಸಿದರಂತೆ. ಅಷ್ಟೇ ಅಲ್ಲ, ತಾವೇ ಮಾತು ತೆಗೆದು, ಅಕ್ಕನನ್ನು ಚಾವಡಿಗೆ ಕರೆದು, "ನಿನಗೆ ಇಲ್ಲಿ ಏನಾದರೂ ತೊಂದರೆ ಇದೆಯಾ? ನಿನ್ನ ಮಾವ ಬಂದಿದ್ದಾರೆ, ಸಂಕೋಚ ಇಲ್ಲದೆ ಹೇಳು" ಎಂದರಂತೆ. ಅಕ್ಕ ಇಲ್ಲ ಎಂದಳಂತೆ. "ನನ್ನ ಕಿವಿಯಾರೆ ಕೇಳಿದ್ದೇನೆ. ಇನ್ನು ಆ ಸಂಗತಿ ಎತ್ತಬೇಡ" ಎಂದರು ಮಾವ. ಕಳ್ಳನ ಎದುರಿಗೇ ನಿಲ್ಲಿಸಿಕೊಂಡು ಕಳವಾಗಿದೆಯೇ ಎಂದು ವಿಚಾರಿಸಿದರೆ ಇನ್ನೆಂಥ ಉತ್ತರ ಬರುತ್ತದೆ! ಹೇಳಿದೆ. ಮಾವ ಎದ್ದು ದೋಣಿಯ ಹತ್ತಿರ ಹೋದರು.

ಅಮ್ಮ ಮಾತ್ರ ಬಾಯಿ ತೆರೆದಿರಲಿಲ್ಲ. ಅವಳ ಮೇಲೆ ನನಗೆ ಎಲ್ಲರಿಗಿಂತ ಹೆಚ್ಚು ಸಿಟ್ಟು. "ನೀನಾದರೂ ಒಂದು ಮಾತು ಹೇಳಬಾರದಾ? ನಿನ್ನ ಮಗಳಲ್ವಾ?" ಎಂದು ಕೂಗಿದೆ. ಅವಳು ಒಣಮೀನಿನಿಂದ ಕೈ ತೆಗೆಯದೆ, "ಅವಳಿಗೇ ನಾವು ಬೇಡ ಮಗಾ. ನಾನೆಂತ ಹೇಳುವುದು?" ಎಂದಳು. ಕೆದಕಿ ಕೇಳಿದ ಮೇಲೆ ಹೊರಬಿತ್ತು. ಹಿಂದೆ ಯಾವತ್ತೋ ಭಾವ ಅವಳನ್ನು ಅಂಗಳದ ಬದಿಗೆ ಕರೆದು ಹೇಳಿದ್ದರಂತೆ. ಅಕ್ಕನಿಗೆ ಈಗ ಮೀನಿನ ವಾಸನೆ ಆಗುವುದಿಲ್ಲ. ಇಲ್ಲಿಗೆ ಬಂದು ಹೋದರೆ ಎರಡು ದಿನ ತಲೆ ಎತ್ತುವುದಿಲ್ಲ. ಹೇಳಲು ಅವಳಿಗೆ ಸಂಕೋಚ, ನೀವು ತಪ್ಪು ತಿಳಿಯಬೇಡಿ. ಮೀನು ಮಾರಿ ಸಾಕಿದ ಮಗಳಿಗೆ ಮೀನಿನ ವಾಸನೆ ಆಗುವುದಿಲ್ಲ ಎಂಬ ಮಾತನ್ನು ಅಮ್ಮ ಯಾರ ಹತ್ತಿರವೂ ಹೇಳದೆ ಅಷ್ಟು ವರ್ಷ ಎದೆಯಲ್ಲಿಟ್ಟುಕೊಂಡಿದ್ದಳು. ಅಕ್ಕ ಬರುವ ದಿನ ಅಮ್ಮ ಎರಡೆರಡು ಸಲ ಸ್ನಾನ ಮಾಡುತ್ತಿದ್ದದ್ದು ಏಕೆಂದು ನನಗೆ ಆಗ ಅರ್ಥವಾಯಿತು.

ನಾನು ರಜೆ ಹಾಕಿ, ಶಾಲೆ ಇರುವ ದಿನ ನೋಡಿ, ಹೇಳದೆ ಕೇಳದೆ ಕಾರ್ಕಳಕ್ಕೆ ಹೋದೆ. ಮಗಳೂ ಶಾಲೆಗೆ ಹೋಗಿದ್ದಳು. ಬಾಗಿಲು ತೆರೆದ ಅಕ್ಕ ನನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿದಳು. ಆಮೇಲೆ ನೋಡಿದ್ದು ಗಡಿಯಾರವನ್ನು. ಹೈಸ್ಕೂಲಿನ ಗಂಟೆ ಆ ಮನೆಗೆ ಕೇಳುತ್ತಿತ್ತು. ಸಣ್ಣ ಇಂಟರ್ವಲ್ಲಿಗೂ ಭಾವ ಮನೆಗೆ ಬಂದು ನೀರು ಕುಡಿದು ಹೋಗುತ್ತಿದ್ದರು. ನೀರು ಕುಡಿಯಲಿಕ್ಕೂ ಹೆಂಡತಿಯ ಕೈಯೇ ಆಗಬೇಕು ಮಾಸ್ಟ್ರಿಗೆ ಎಂದು ನೆರೆಯವರು ಕೊಂಡಾಡುತ್ತಿದ್ದರು. ಇಷ್ಟು ಹುಚ್ಚು ಜನರ ನಡುವೆ ಒಬ್ಬ ಹೆಂಗಸು ಯಾರಿಗೆ ಹೇಳಿಕೊಳ್ಳಬೇಕು?

ನಾನು ತುಳುವಿನಲ್ಲೇ ಮಾತು ಶುರು ಮಾಡಿದೆ. ಅವಳು ಎರಡು ಮಾತು ಕನ್ನಡದಲ್ಲಿ ಹೇಳಿ, ಮೂರನೆಯದಕ್ಕೆ ತುಳುವಿಗೆ ಇಳಿದಳು.

"ನೀನು ಇಲ್ಲಿಂದ ಹೊರಡು. ಕಾಪುವಿಗೆ ಬಾ."

"ಎಂತಕ್ಕೆ? ಅವರು ಒಂದು ದಿನ ಕೈ ಎತ್ತಿದವರಲ್ಲ. ಕುಡಿಯುವವರಲ್ಲ."

"ನೀನೂ ಅದೇ ರಾಗ ಹಾಡಬೇಡ ಮಾರಾಯ್ತಿ! ನಿನ್ನ ಕನ್ನಡಕ ಎಲ್ಲುಂಟು?"

ನಾನು ಇನ್ನಷ್ಟು ಬೈದೆ. ಕಾಪುವಿನ ದಡದಲ್ಲಿ ಗಂಡಸರನ್ನು ನಡುಗಿಸಿದವಳು ಹೀಗಾದೆಯಲ್ಲ ಎಂದೆ. ಆಗ ಅವಳು, "ಬಂದರೆ ಎಲ್ಲಿಗೆ ಬರುವುದು? ನಾನು ಬರುವುದು ಅಮ್ಮನಿಗೆ ಬೇಡವಲ್ಲ" ಎಂದಳು.

"ಯಾರು ಹೇಳಿದ್ದು?"

"ಅಮ್ಮನೇ ಇವರ ಹತ್ತಿರ ಹೇಳಿದ್ದಂತೆ. ಪದೇ ಪದೇ ಕರೆದುಕೊಂಡು ಬರಬೇಡಿ, ಮಾವನಿಗೆ ಇಷ್ಟ ಇಲ್ಲ, ಮನೆಯಲ್ಲಿ ಜಾಗ ಸಾಲುವುದಿಲ್ಲ ಅಂತ. ನನಗೆ ಬೇಜಾರಾಗಬಹುದು ಅಂತ ಇವರು ಎಷ್ಟೋ ಸಮಯ ಹೇಳಲೇ ಇಲ್ಲ. ಅದಕ್ಕೇ ಸಂಜೆಗೇ ಹೊರಡುವುದು ನಾವು."

ನಾನು ಅಮ್ಮನ ಕಡೆಯ ಕಥೆ ಹೇಳಿದೆ, ಮೀನಿನ ವಾಸನೆಯದು. ಅಕ್ಕ ನನ್ನನ್ನೇ ನೋಡಿದಳು. ನಂಬಿದಳೋ ಇಲ್ಲವೋ ಗೊತ್ತಾಗಲಿಲ್ಲ. "ನಾನು ಹಾಗೆ ಹೇಳಲೇ ಇಲ್ಲ" ಎಂದು ಮತ್ತೆ ಮತ್ತೆ ಹೇಳಿದಳು, ತಪ್ಪು ಹೊರಿಸಿದ್ದು ನಾನೇ ಎಂಬಂತೆ. "ನನಗೆ ಬೂತಾಯಿ ಮೀನಿನ ಕನಸು ಬೀಳುತ್ತದೆ ಮಾರಾಯ್ತಿ" ಎಂದು ಅತ್ತಳು. ಅಷ್ಟರಲ್ಲಿ ಶಾಲೆಯ ಗಂಟೆ ಬಾರಿಸಿತು. ಅವಳು ಮುಖ ಒರೆಸಿಕೊಂಡು ಎದ್ದು ನೀರಿನ ಚೊಂಬು ತುಂಬಿಸಿ ಇಟ್ಟಳು. ನನ್ನನ್ನು ಹಿತ್ತಲ ಬಾಗಿಲಿನಿಂದ ಕಳಿಸಿದಳು.

ಬಸ್ಸಿನಲ್ಲಿ ಕುಳಿತು ಲೆಕ್ಕ ಹಾಕಿದೆ. ಅವರು ಬಾಗಿಲಿಗೆ ಬೀಗ ಹಾಕಿರಲಿಲ್ಲ. ಬಾಗಿಲಿನ ಆಚೆಗೊಂದು, ಈಚೆಗೊಂದು ಸುಳ್ಳು ಇಟ್ಟಿದ್ದರು. ತಾಯಿ ಮಗಳು ಒಂದೇ ಒಂದು ರಾತ್ರಿ ಒಂದು ಚಾಪೆಯಲ್ಲಿ ಮಲಗಿದ್ದರೂ ಆ ಸುಳ್ಳು ಬದುಕುತ್ತಿರಲಿಲ್ಲ. ಆ ರಾತ್ರಿಯನ್ನು ಭಾವ ಕೊಟ್ಟಿರಲಿಲ್ಲ. ನಾವು ಅದನ್ನು ಪ್ರೀತಿ ಎಂದು ನಕ್ಕಿದ್ದೆವು.

ಅಮ್ಮನಿಗೆ ಹೇಳಿದೆ. ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. "ಈಗ ಯಾವ ತಿಂಗಳು?" ಎಂದು ಕೇಳಿದಳು. ಆಟಿ ಆಗಲೇ ಶುರುವಾಗಿತ್ತು. ಬರುವ ಭಾನುವಾರ ಹೋಗೋಣ ಎಂದಳು. ಭಾನುವಾರ ಭಾವ ಮನೆಯಲ್ಲೇ ಇರುತ್ತಾರೆ, ವಾರದ ನಡುವೆ ಹೋಗೋಣ ಎಂದೆ. "ಅವರು ಇರಲೇಬೇಕು. ಕದ್ದು ತರಲಿಕ್ಕೆ ಅವಳೇನು ಯಾರ ಸೊತ್ತೂ ಅಲ್ಲ" ಎಂದಳು.

ಭಾನುವಾರ ಬೆಳಿಗ್ಗೆ ಅಮ್ಮ ಒಣಮೀನಿನ ಬುಟ್ಟಿ ತಲೆಯ ಮೇಲಿಟ್ಟುಕೊಂಡೇ ಹೊರಟಳು. ಬೇಡ ಎಂದರೂ ಕೇಳಲಿಲ್ಲ. ಮಳೆ ಸ್ವಲ್ಪ ಬಿಟ್ಟಿತ್ತು, ಜಗಲಿಗಳಲ್ಲಿ ಜನ ಇದ್ದರು. ಬರಬಾರದೆಂದು ಹೇಳಿಸಿಕೊಂಡ ಆ ರಸ್ತೆಯ ನಡುವಿನಲ್ಲಿ ನಡೆದು ಹೋಗಿ, ಅಕ್ಕನ ಮನೆಯ ಅಂಗಳದಲ್ಲಿ ಬುಟ್ಟಿ ಇಳಿಸಿದಳು. ಭಾವ ಹೊರಗೆ ಬಂದರು. ಅಮ್ಮ ತುಳುವಿನಲ್ಲಿ, ದಡದಿಂದ ದೋಣಿಯವರನ್ನು ಕರೆಯುವ ಸ್ವರದಲ್ಲಿ ಹೇಳಿದಳು:

"ಮಗಳನ್ನು ಆಟಿ ಕುಳ್ಳಿರಿಸಲಿಕ್ಕೆ ಕರೆದುಕೊಂಡು ಹೋಗಲಿಕ್ಕೆ ಬಂದದ್ದು."

"ನಿಧಾನ ಮಾತಾಡಿ ಅತ್ತೆ" ಎಂದರು ಭಾವ, ಕನ್ನಡದಲ್ಲಿ. "ಆಟಿಗೆ ಕೂರುವುದು ಮದುವೆಯಾದ ಹೊಸತರಲ್ಲಿ."

"ಹೊಸತರಲ್ಲಿ ನೀವು ಬಿಡಲಿಲ್ಲ. ಆ ತಿಂಗಳು ಬಾಕಿ ಉಂಟು. ಈಗ ಬೇಕು ನನಗೆ."

ಎದುರು ಮನೆಯ ಜಗಲಿಯಲ್ಲಿ ಯಾರೋ ನಕ್ಕರು. ಆ ನಗು ಈ ಸಲ ಮಾಸ್ತರರ ಪರವಾಗಿ ಇರಲಿಲ್ಲ. ಆಟಿಗೆ ಕರೆಯಲು ಬಂದ ತಾಯಿಯನ್ನು ಬರಿಗೈಯಲ್ಲಿ ಕಳಿಸುವುದು ನಮ್ಮ ಸೀಮೆಯಲ್ಲಿ ಸಣ್ಣ ಅವಮಾನವಲ್ಲ. ಭಾವನಿಗೆ ಅದು ಗೊತ್ತಿತ್ತು. ಮಗಳ ಶಾಲೆ ತಪ್ಪುತ್ತದೆ ಎಂದರು. ಶಾಲೆ ಕಾಪುವಿನಲ್ಲೂ ಉಂಟು ಎಂದಳು ಅಮ್ಮ. ಕೊನೆಗೆ ತಮ್ಮ ಹಳೆಯ ಉಪಾಯ ತೆಗೆದರು. ಅಕ್ಕನನ್ನು ಬಾಗಿಲಿಗೆ ಕರೆದು, ಬಹಳ ಮೃದುವಾಗಿ, "ನಿನಗೆ ಹೋಗಬೇಕಾ? ನೀನೇ ಹೇಳು" ಎಂದರು.

ಅಕ್ಕನ ತುಟಿ ಅಲುಗಿತು. ಇಲ್ಲ ಎಂಬ ಮಾತು ಬರುತ್ತಿತ್ತು, ನನಗೆ ಕಾಣುತ್ತಿತ್ತು. ಅಮ್ಮ ಅದಕ್ಕೆ ಬಿಡಲಿಲ್ಲ. "ಅವಳ ಹತ್ತಿರ ಎಂತ ಕೇಳುವುದು? ಕೇಳುತ್ತಿರುವವಳು ನಾನು. ಉತ್ತರ ಕೊಡಬೇಕಾದವರು ನೀವು" ಎಂದು ಮೆಟ್ಟಿಲು ಹತ್ತಿ ಮಗಳ ಕೈ ಹಿಡಿದಳು. ಆ ಮೀನಿನ ಕೈಯಿಂದಲೇ. ಅಕ್ಕ ಕೈ ಬಿಡಿಸಿಕೊಳ್ಳಲಿಲ್ಲ. ನಾನು ಭಾವನ ಎದುರು ಹೋಗಿ, "ಕನ್ನಡಕ ಕೊಡಿ" ಎಂದೆ. ರಸ್ತೆಯ ತುಂಬ ಜನ ನೋಡುತ್ತಿದ್ದರು. ಅವರು ಜೇಬಿನಿಂದ ತೆಗೆದು ಕೊಟ್ಟರು.

ಸೋಣ ತಿಂಗಳಿಗೆ ಭಾವ ಕೊಡೆ ಹಿಡಿದುಕೊಂಡು ಬಂದರು. ಅಷ್ಟರಲ್ಲಿ ಅಮ್ಮನೂ ಅಕ್ಕನೂ ಒಂದೇ ಚಾಪೆಯಲ್ಲಿ ಮಲಗಿ ಹತ್ತು ವರ್ಷದ ಮಾತನ್ನು ಒಬ್ಬರಿಗೊಬ್ಬರು ಹೇಳಿಕೊಂಡಿದ್ದರು. ಮಾವ ಅದನ್ನೆಲ್ಲ ಗೋಡೆಯ ಈಚೆಯಿಂದ ಕೇಳಿಸಿಕೊಂಡಿದ್ದರು. ಅವರು ಭಾವನಿಗೆ ಕುರ್ಚಿ ಹಾಕಲಿಲ್ಲ. "ಅವಳು ಅವಳ ಮನೆಯಲ್ಲಿ ಇದ್ದಾಳೆ. ಬರಬೇಕು ಅನಿಸಿದರೆ ಬಂದಾಳು" ಎಂದು ಬಲೆಯ ಕಡೆ ತಿರುಗಿದರು. ಭಾವ ಇನ್ನೂ ನಾಲ್ಕಾರು ಸಲ ಬಂದರು, ಅತ್ತರು, ಹಿರಿಯರನ್ನು ಕಳಿಸಿದರು. ಬಂದ ಹಿರಿಯರೂ ಹೊಡೆದನೇ ಎಂದೇ ಕೇಳಿದರು. ಅವರಿಗೆ ಉತ್ತರ ಕೊಟ್ಟು ಕೊಟ್ಟು ನನ್ನ ಗಂಟಲು ಒಣಗಿತು. ಅಕ್ಕ ಹೋಗಲಿಲ್ಲ. ಅವಳ ಮಗಳನ್ನು ಕಾಪುವಿನ ಶಾಲೆಗೇ ಸೇರಿಸಿದೆವು.

ಇಲ್ಲಿಗೆ ಎಲ್ಲ ಸರಿಯಾಯಿತು ಎಂದು ನಾನು ತಿಳಿದದ್ದು ಇನ್ನೊಂದು ದಡ್ಡತನ. ಅಕ್ಕ ಮನೆಯಲ್ಲಿದ್ದಳು, ಆದರೆ ಮಾತುಮಾತಿಗೂ ನಮ್ಮ ಮುಖ ನೋಡುತ್ತಿದ್ದಳು. ಇನ್ನೊಂದು ಸೌಟು ಗಂಜಿ ಹಾಕಿಕೊಳ್ಳಲಾ? ಈ ಸೀರೆ ಉಡಬಹುದಾ? ದೀಪ ಆರಿಸಲಾ? "ನಮ್ಮ ಹತ್ತಿರ ಕೇಳಬೇಡ ಮಾರಾಯ್ತಿ, ನಿನಗೆ ಬೇಕಾದ ಹಾಗೆ ಮಾಡು" ಎಂದು ನಾನು ರೇಗಿದರೆ, ಆಗಲಿ ಎಂದು ತಲೆ ತಗ್ಗಿಸುತ್ತಿದ್ದಳು. ಅದನ್ನೂ ಅಪ್ಪಣೆ ಎಂದೇ ತೆಗೆದುಕೊಳ್ಳುತ್ತಿದ್ದಳು. ರಜೆ ಸಿಕ್ಕಾಗಲೆಲ್ಲ ಓಡಿ ಬರುತ್ತಿದ್ದ ನಾನು, ಹಿಂದಿರುಗುವಾಗ ಅವಳ ಮೇಲೆಯೇ ಸಿಟ್ಟು ಮಾಡಿಕೊಂಡು ಬಸ್ಸು ಹತ್ತುತ್ತಿದ್ದೆ.

ದೋಣಿಗಳು ಮತ್ತೆ ನೀರಿಗಿಳಿದ ಮೇಲೆ, ನಾನು ರಜೆಗೆ ಬಂದಿದ್ದ ಒಂದು ಮಧ್ಯಾಹ್ನ ಅಕ್ಕ ಕಾಣಲಿಲ್ಲ. ಯಾರಿಗೂ ಹೇಳಿರಲಿಲ್ಲ. ಅಮ್ಮ ಬಾವಿಯಲ್ಲಿ ಇಣುಕಿ ನೋಡಿದಳು. ಕೇರಿಯೆಲ್ಲ ಸುತ್ತಿದಳು. ನಾನು ಹೆದ್ದಾರಿಯವರೆಗೆ ಓಡಿ ಬಂದೆ. ಬಹಳ ಹೊತ್ತಿನ ಮೇಲೆ ಅವಳು ದಡದ ಕಡೆಯಿಂದ ನಿಧಾನವಾಗಿ ನಡೆದು ಬಂದಳು. ಸೀರೆಯ ಅಂಚು ಮೊಣಕಾಲಿನವರೆಗೆ ಒದ್ದೆ, ಕಾಲಿಗೆಲ್ಲ ಮರಳು, ಮೂಗಿನ ಮೇಲೆ ಕನ್ನಡಕ. ಎಷ್ಟೋ ವರ್ಷದ ಮೇಲೆ ತನ್ನಷ್ಟಕ್ಕೆ ಒಂದು ಕಡೆ ಹೋಗಿ ಬಂದಿದ್ದಳು. ನಾವು ಕುಣಿಯಬೇಕಾಗಿತ್ತು. ಅದರ ಬದಲು ಅಮ್ಮ, ಹೆದರಿಕೆಯಿಂದ ಅರೆಜೀವವಾಗಿದ್ದವಳು, "ಹೇಳದೆ ಎಲ್ಲಿಗೆ ಸತ್ತದ್ದು ನೀನು? ಹೇಳಿ ಹೋಗಲಿಕ್ಕೆ ಎಂತ ಧಾಡಿ?" ಎಂದು ಅರಚಿದಳು.

ಅಕ್ಕ ಅಂಗಳದಲ್ಲೇ ನಿಂತುಬಿಟ್ಟಳು. ಎರಡು ಕೈ ಒಟ್ಟಿಗೆ ಹಿಡಿದು, ಕಣ್ಣು ನೆಲಕ್ಕೆ ಹಾಕಿ, "ತಪ್ಪಾಯಿತು. ಇನ್ನು ಮುಂದೆ ಕೇಳಿಯೇ ಹೋಗುತ್ತೇನೆ" ಎಂದಳು. ಸ್ಪಷ್ಟವಾದ, ಶುದ್ಧವಾದ ಕನ್ನಡದಲ್ಲಿ.

ಅಮ್ಮ ಓಡಿಹೋಗಿ ಅವಳ ಎರಡೂ ಭುಜ ಹಿಡಿದು ಅಲುಗಿಸಿದಳು. "ಬೈ ನನಗೆ! ತಿರುಗಿ ಬೈ. ನಿನಗೆ ಎಂತ ಮುದುಕಿ ಅಂತ ಕೇಳು. ಮೊದಲಿನ ಹಾಗೆ ಒಂದು ಸಲ ಬೈ ಮಗಾ, ನಿನ್ನ ದಮ್ಮಯ್ಯ!"

ಅಕ್ಕ ಅಮ್ಮನ ಮುಖ ನೋಡಿದಳು. ಬಾಯಿ ತೆರೆದಳು. ಅವಳು ನಿಜವಾಗಿಯೂ ಪ್ರಯತ್ನ ಪಟ್ಟಳು, ಅದು ನನಗೆ ಕಂಡಿತು. ಕತ್ತಿನ ನರ ಉಬ್ಬಿತು, ತುಟಿ ಅತ್ತಿತ್ತ ಆಯಿತು. ಆಮೇಲೆ ಅವಳು ನನ್ನ ಕಡೆ ತಿರುಗಿ, "ಏನೆಂದು ಬೈಯಲಿ?" ಎಂದು ಕೇಳಿದಳು.